ಎಂಜಿನ್ ಕೆಲಸಕ್ಕೆ ಬಂದ ಹಳೆಯ ಬೆಂಜ್: ರಿಪೇರಿ ಮಾಡಿಸಿ ಮಾರಬೇಕಾ, ಇದ್ದ ಹಾಗೇ ಮಾರಬೇಕಾ?

ಪ್ರಶ್ನೆ: ನಮ್ಮ ತಂದೆಯವರು 1980ರ ದಶಕದ ಕೊನೆಯಲ್ಲಿ ಎಸ್‌ಟಿಸಿ (ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್) ಹರಾಜಿನಲ್ಲಿ 1982ರ ಮರ್ಸಿಡಿಸ್ ಬೆಂಜ್ 230ಇ ಪೆಟ್ರೋಲ್ ಕಾರು ತೆಗೆದುಕೊಂಡಿದ್ದರು. ಯಾವುದೋ ರಾಯಭಾರ ಕಚೇರಿಯವರು ಓಡಿಸಿದ್ದ ಕಾರದು. ಆಮೇಲೆ ತಮಗೆ ಇಷ್ಟ ಬಂದಂತೆ ಬದಲಾಯಿಸುತ್ತಾ ಹೋದರು. 17 ಇಂಚಿನ ಅಲಾಯ್ ವೀಲು, ಸುತ್ತ ಫೈಬರ್ ಬಾಡಿ ಕಿಟ್, ಚಿಕ್ಕ ಸ್ಪೋರ್ಟ್ಸ್ ಸ್ಟೀರಿಂಗ್, ಹೊಸ ಸೀಟು, ಬಿಳಿ ಹೋಗಿ ಕಪ್ಪು ಬಣ್ಣ. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ಆರ್‌ಸಿ ಇನ್ನೂ ಅವರ ಹೆಸರಿನಲ್ಲೇ ಇದೆ. ಈಗ ಕಾರು ನೀಲಿ ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ. ಓಡಿಸಿ ನಿಲ್ಲಿಸಿದರೆ, ಬಿಸಿ ಆರುವ ತನಕ ಸರಿಯಾಗಿ ಸ್ಟಾರ್ಟ್ ಆಗುವುದಿಲ್ಲ. ಒಬ್ಬ ಮೆಕ್ಯಾನಿಕ್ ಪೂರ್ತಿ ಓವರ್‌ಹಾಲ್‌ಗೆ ನಾಲ್ಕೂವರೆ ಲಕ್ಷ ಎಂದರು. ಇನ್ನೊಬ್ಬರು ಡೀಸೆಲ್ ಎಂಜಿನ್ ಕೂರಿಸಿ ಮಾರಿ ಎಂದರು. ಬ್ರೋಕರ್ ಒಬ್ಬರು ಇದ್ದ ಹಾಗೇ ಎರಡು ಲಕ್ಷಕ್ಕೆ ಕೇಳಿದ್ದಾರೆ. ಏನು ಮಾಡಲಿ? ನಲವತ್ತು ವರ್ಷ ದಾಟಿದೆಯಲ್ಲ, ವಿಂಟೇಜ್ ಅಂತ ಜಾಸ್ತಿ ಬೆಲೆ ಸಿಗುತ್ತದಾ?
— ಒಬ್ಬ ಓದುಗರು, ಮೈಸೂರು

ಉತ್ತರ: ಓವರ್‌ಹಾಲ್ ಮಾಡಿಸಬೇಡಿ. ಡೀಸೆಲ್ ಎಂಜಿನ್ ಅಂತೂ ಕೂರಿಸಲೇಬೇಡಿ. ಎರಡು ಲಕ್ಷಕ್ಕೆ ಈಗಲೇ ಕೊಟ್ಟುಬಿಡಲೂ ಬೇಡಿ. ನಿಮ್ಮ ಕೈಯಿಂದ ಈಗ ದುಡ್ಡು ಹೋಗಬೇಕಾದ್ದು ಎರಡೇ ವಿಷಯಕ್ಕೆ. ಒಂದು, ಆ ಎಂಜಿನ್‌ಗೆ ನಿಜವಾಗಿ ಏನಾಗಿದೆ ಎಂದು ಪರೀಕ್ಷೆ ಮಾಡಿಸುವುದಕ್ಕೆ. ಇನ್ನೊಂದು, ಕಾಗದಪತ್ರ ಸರಿ ಮಾಡಿಸುವುದಕ್ಕೆ.

ಓವರ್‌ಹಾಲ್ ಯಾಕೆ ಬೇಡ ಅಂದರೆ, ಇಂಥ ಕಾರು ಕೊಳ್ಳುವವರು ಸಾಮಾನ್ಯ ಗಿರಾಕಿಗಳಲ್ಲ. ಅವರಿಗೆ ತಮ್ಮದೇ ನಂಬಿಕೆಯ ಮೆಕ್ಯಾನಿಕ್ ಇರುತ್ತಾರೆ. ನೀವು ಯಾರ ಹತ್ತಿರ ಬೋರಿಂಗ್ ಮಾಡಿಸಿದಿರಿ, ಯಾವ ಪಿಸ್ಟನ್ ಹಾಕಿಸಿದಿರಿ ಎಂಬುದು ಅವರಿಗೆ ಕಾಣುವುದಿಲ್ಲ. ಬಿಲ್ ತೋರಿಸಿದರೂ ಒಳಗಿನ ಕೆಲಸದ ಮೇಲೆ ಅನುಮಾನ ಉಳಿಯುತ್ತದೆ. ನಾಲ್ಕೂವರೆ ಲಕ್ಷ ಹಾಕಿದರೆ ಬೆಲೆ ಅಷ್ಟೇ ಏರುತ್ತದೆ ಎಂದು ಖಂಡಿತ ಎಣಿಸಬೇಡಿ. ಅದೂ ಅಲ್ಲದೆ, ಆ ಮೆಕ್ಯಾನಿಕ್ ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ಕೂಡ ನೋಡದೆ ಅಂದಾಜು ಹೇಳಿದ ಹಾಗಿದೆ. ನೀಲಿ ಹೊಗೆ ಕಂಡ ತಕ್ಷಣ ಎಂಜಿನ್ ಪೂರ್ತಿ ಬಿಚ್ಚಬೇಕು ಎಂದೇನೂ ಇಲ್ಲ.

ಆದರೆ ಎಂಜಿನ್‌ಗಿಂತ ಮೊದಲು ಆರ್‌ಸಿ ತೆಗೆದು ನೋಡಿ. ಮುಂದಿನ ದಾರಿಯನ್ನು ಅದೇ ತೀರ್ಮಾನಿಸುತ್ತದೆ.

ತಂದೆಯವರ ಹೆಸರಿನಲ್ಲಿರುವ ಕಾರನ್ನು ನೀವು ಕಾನೂನು ಪ್ರಕಾರ ಮಾರಲು ಬರುವುದಿಲ್ಲ. ಮೊದಲು ಅದು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ಫಾರ್ಮ್ 31. ಜೊತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಅಥವಾ ವಾರಸುದಾರರ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ನಿಯಮದ ಪ್ರಕಾರ ಮೂರು ತಿಂಗಳಲ್ಲಿ ಅರ್ಜಿ ಹಾಕಬೇಕಿತ್ತು. ತಡವಾಗಿದೆ, ದಂಡ ಬೀಳಬಹುದು. ಪರವಾಗಿಲ್ಲ, ಕಟ್ಟಿ ಮುಗಿಸಿ. ಅಣ್ಣ ತಮ್ಮ, ಅಕ್ಕ ತಂಗಿಯರ ಒಪ್ಪಿಗೆಯನ್ನು ಬರಹದಲ್ಲಿ ಈಗಲೇ ತೆಗೆದುಕೊಳ್ಳಿ. ಗಿರಾಕಿ ಬಂದು ಬೆಲೆ ಮಾತಾದ ಮೇಲೆ ಮನೆಯಲ್ಲಿ ಚರ್ಚೆ ಶುರುವಾದರೆ ವ್ಯಾಪಾರ ಅಲ್ಲೇ ನಿಂತುಹೋಗುತ್ತದೆ.

ಇನ್ನು ಆರ್‌ಸಿಯ ಅವಧಿ. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಫಾರ್ಮ್ 25. ನಿಮ್ಮದು ಯಾವಾಗ ಮುಗಿಯುತ್ತದೆ ಎಂದು ನೋಡಿ. ಇದು ದುಡ್ಡಿನ ವಿಷಯದಲ್ಲಿ ತುಂಬಾ ಮುಖ್ಯ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಗಾಡಿಗಳ ನವೀಕರಣ ಶುಲ್ಕವನ್ನು ಏರಿಸಿತು. ಸಾಮಾನ್ಯ ಕಾರಿಗೆ 10,000 ರೂಪಾಯಿ. ಆಮದು ಕಾರಿಗೆ 80,000 ರೂಪಾಯಿ! ನಿಮ್ಮದು ಆಮದಾದ ಕಾರು. ಅವಧಿ ಇನ್ನೂ ಮೂರ್ನಾಲ್ಕು ವರ್ಷ ಇದ್ದರೆ, ಅದನ್ನು ಜಾಹೀರಾತಿನಲ್ಲೇ ಹಾಕಿ, ಅದಕ್ಕೆ ಬೆಲೆ ಇದೆ. ಮುಗಿದುಹೋಗಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ನವೀಕರಣಕ್ಕೆ ಕಾರು ತಪಾಸಣೆಗೆ ಹೋಗಬೇಕು, ಹೊಗೆ ಪರೀಕ್ಷೆ ಪಾಸಾಗಬೇಕು. ಎಕ್ಸಾಸ್ಟ್‌ನಲ್ಲಿ ನೀಲಿ ಮೋಡ ಬಿಟ್ಟುಕೊಂಡು ಆ ಗೇಟಿನೊಳಗೆ ಹೋಗಲು ಆಗುವುದಿಲ್ಲ ಅಲ್ವಾ? ಆಗ ಹೊಗೆ ನಿಲ್ಲಿಸುವಷ್ಟು ಕೆಲಸ ಮಾಡಿಸಲೇಬೇಕು. ಅದು ಎಷ್ಟು ಎಂಬುದು ಪರೀಕ್ಷೆಯಿಂದ ಗೊತ್ತಾಗುತ್ತದೆ. ಅಷ್ಟನ್ನು ಮಾಡಿಸಿ, ಅದಕ್ಕಿಂತ ಮುಂದೆ ಹೋಗಬೇಡಿ.

ಹಳೆಯ ಪುಸ್ತಕದ ಆರ್‌ಸಿ ಆಗಿದ್ದರೆ ಸರ್ಕಾರದ ವಾಹನ ನೋಂದಣಿಯ ‘ವಾಹನ್’ ಜಾಲದಲ್ಲಿ ಕಾರಿನ ವಿವರ ಬರುತ್ತಿದೆಯಾ ನೋಡಿ. ಬರದಿದ್ದರೆ ಆರ್‌ಟಿಒದಲ್ಲಿ ಹಳೆಯ ದಾಖಲೆ ಸೇರಿಸಿಸಬೇಕು. ಎಸ್‌ಟಿಸಿ ಹರಾಜಿನ ರಸೀದಿ, ಕಸ್ಟಮ್ಸ್ ಕಾಗದ ಏನೇ ಇದ್ದರೂ ಎಸೆಯಬೇಡಿ. ಆಮದಾದ ಹಳೆಯ ಕಾರಿನಲ್ಲಿ ಗಿರಾಕಿಗೆ ಇರುವ ದೊಡ್ಡ ಭಯ ಎಂಜಿನ್ ಅಲ್ಲ, ‘ಈ ಗಾಡಿ ನಿಯತ್ತಾಗಿ ದೇಶದೊಳಗೆ ಬಂದಿದ್ದೇನಾ’ ಎಂಬುದು. ಆ ಮಾಸಿದ ಕಾಗದ ಒಂದೇ ಆ ಭಯ ಕಳೆಯುತ್ತದೆ.

ಆರ್‌ಸಿ ಕೈಯಲ್ಲಿರುವಾಗಲೇ ಇನ್ನೊಂದು ಕೆಲಸ ಮಾಡಿ. ನಿಮ್ಮ ಕಾರಿನ ಮಾದರಿಯ ಒಳಗಿನ ಹೆಸರು ಡಬ್ಲ್ಯೂ 123. ಅದರಲ್ಲಿ 230ಇ ಆದರೆ ಚಾಸಿ ನಂಬರಿನಲ್ಲಿ 123223 ಎಂಬ ಆರು ಅಂಕಿ ಸಿಗಬೇಕು. ಎಂಜಿನ್ ನಂಬರ್ 102980 ಎಂದು ಶುರುವಾಗಬೇಕು. ಟಾರ್ಚ್ ಹಿಡಿದು ಎಂಜಿನ್ ಬ್ಲಾಕಿನ ಮೇಲೆ ಒತ್ತಿರುವ ನಂಬರನ್ನು ಆರ್‌ಸಿಯ ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ, ಕಾರ್ಖಾನೆಯಿಂದ ಬಂದ ಎಂಜಿನ್ ಇನ್ನೂ ಅದರಲ್ಲೇ ಇದೆ. ಕೆಟ್ಟಿದ್ದರೂ ಅದಕ್ಕೆ ಬೆಲೆ ಇದೆ. ಡೀಸೆಲ್ ಸಲಹೆಗೆ ನಾನು ಇಷ್ಟು ಬಲವಾಗಿ ಬೇಡ ಅನ್ನುವುದೂ ಇದಕ್ಕೇ.

ಒಂದು ಕಾಲದಲ್ಲಿ ನಮ್ಮಲ್ಲಿ ಎಷ್ಟೋ ಒಳ್ಳೆಯ ಪೆಟ್ರೋಲ್ ಬೆಂಜ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದರು. ಪೆಟ್ರೋಲ್ ದುಬಾರಿ, ಕಾರು ದಿನಾ ಓಡಬೇಕಿತ್ತು. ಅವರ ಕಷ್ಟ ಅರ್ಥವಾಗುತ್ತದೆ. ಈಗ ಇದನ್ನು ದಿನಾ ಓಡಿಸಲು ಯಾರೂ ಕೊಳ್ಳುವುದಿಲ್ಲ. ಕಾನೂನು ಕೂಡ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಗಾಡಿ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಬದಲಾಯಿಸಲು ಬರುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿತು. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಬೇಕು. ಬೇರೆ ಯಾವುದೋ ಗಾಡಿಯ ಡೀಸೆಲ್ ಎಂಜಿನ್ ಇಟ್ಟು, ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದರೆ, ಆ ಕಾರು ಯಾರ ಹೆಸರಿಗೂ ಹೋಗುವುದಿಲ್ಲ. ಬ್ರೋಕರ್ ಈಗ ಕೇಳಿರುವ ಬೆಲೆಯೂ ಆಮೇಲೆ ಸಿಗಲಿಕ್ಕಿಲ್ಲ.

ಈಗ ಎಂಜಿನ್ ವಿಷಯಕ್ಕೆ ಬರೋಣ. ನಿಮ್ಮ ಕಾರಿನಲ್ಲಿರುವುದು ಎಂ102 ಎಂಬ ನಾಲ್ಕು ಸಿಲಿಂಡರಿನ ಎಂಜಿನ್, 2.3 ಲೀಟರ್, 136 ಅಶ್ವಶಕ್ತಿ. 1980ರಲ್ಲಿ ಬಂತು. ಗಟ್ಟಿ ಎಂಜಿನ್, ಆದರೆ ಇದಕ್ಕೆ ತನ್ನದೇ ಕೆಲವು ಕಾಯಿಲೆಗಳಿವೆ. ವಾಲ್ವ್ ಗೈಡ್ (ವಾಲ್ವ್ ಮೇಲೆ ಕೆಳಗೆ ಆಡುವ ಕೊಳವೆ) ಮತ್ತು ವಾಲ್ವ್ ಸೀಲ್ (ಅಲ್ಲಿ ಆಯಿಲ್ ತಡೆಯುವ ಭಾಗ) ಸವೆಯುವುದು ಅದರಲ್ಲಿ ಮೊದಲನೆಯದು. ಆಗ ತಲೆಭಾಗದ ಆಯಿಲ್ ಸಿಲಿಂಡರಿಗೆ ಇಳಿದು ಸುಡುತ್ತದೆ, ನೀಲಿ ಹೊಗೆ ಬರುತ್ತದೆ.

ಹೊಗೆ ಯಾವಾಗ ಬರುತ್ತದೆ ಎಂದು ಸರಿಯಾಗಿ ಗಮನಿಸಿ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಒಂದು ಬಾರಿ ಭುಸ್ ಎಂದು ಬಂದು ಕಡಿಮೆಯಾಗುತ್ತದಾ? ಸಿಗ್ನಲ್‌ನಲ್ಲಿ ನಿಂತು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬರುತ್ತದಾ? ಇಳಿಜಾರಿನಲ್ಲಿ ಗೇರ್‌ನಲ್ಲೇ ಇಳಿದು, ಕೆಳಗೆ ಬಂದು ರೇಸ್ ಮಾಡಿದಾಗ ಬರುತ್ತದಾ? ಹೀಗಿದ್ದರೆ ದೂರು ಬಹುಪಾಲು ವಾಲ್ವ್ ಸೀಲ್ ಮತ್ತು ಗೈಡ್ ಮೇಲೆ. ಅದೇ ಏರಿನಲ್ಲಿ, ಭಾರ ಬಿದ್ದಾಗ ಒಂದೇ ಸಮನೆ ಹೊಗೆ ಬಿಡುತ್ತಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಒಮ್ಮೆ ಹತ್ತಿಸಿ ಇಳಿಸಿ, ಹಿಂದೆ ಇನ್ನೊಂದು ಗಾಡಿಯಲ್ಲಿ ಯಾರಾದರೂ ಬರಲಿ. ಹತ್ತುವಾಗಲಾ, ಇಳಿದ ಮೇಲಾ ಎಂದು ಅವರೇ ಹೇಳುತ್ತಾರೆ. ಹೊರಡುವ ಮೊದಲು ಆಯಿಲ್ ಮಟ್ಟ ನೋಡಿಕೊಳ್ಳಿ.

ಇದರ ಮೇಲೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಚೆನ್ನಾಗಿರಬೇಕು. ಇಲ್ಲದಿದ್ದರೆ ಬರುವ ಅಂಕಿಗೆ ಅರ್ಥವಿಲ್ಲ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಒಂದೂವರೆ ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಚಿಂತಿಸಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಹೋಗಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಲೀಕ್‌ಡೌನ್ ಗೇಜ್ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಸಾಧನ) ಇರುವ ಗ್ಯಾರೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಗಾಳಿ ಆಯಿಲ್ ಮುಚ್ಚಳದಿಂದ ಬರುತ್ತಿದೆಯಾ, ಎಕ್ಸಾಸ್ಟ್‌ನಿಂದಾ, ರೇಡಿಯೇಟರ್‌ನಲ್ಲಿ ಗುಳ್ಳೆಯಾಗಿಯಾ ಎಂದು ಕಿವಿಗೇ ಕೇಳುತ್ತದೆ, ಕಣ್ಣಿಗೇ ಕಾಣುತ್ತದೆ.

ಸೀಲ್ ಮಾತ್ರ ಹೋಗಿದ್ದರೆ ಹೆಡ್ (ಎಂಜಿನ್‌ನ ತಲೆಭಾಗ) ಬಿಚ್ಚಬೇಕಾಗಿಯೇ ಇಲ್ಲ. ಪ್ಲಗ್ ಜಾಗದಿಂದ ಗಾಳಿ ತುಂಬಿ ವಾಲ್ವ್ ಕೆಳಗೆ ಬೀಳದಂತೆ ಹಿಡಿದುಕೊಂಡು, ಮೇಲಿನಿಂದಲೇ ಸೀಲ್ ಬದಲಾಯಿಸಬಹುದು. ಗೈಡ್ ಸವೆದಿದ್ದರೆ ಹೆಡ್ ಬಿಚ್ಚಬೇಕು. ಆಗಲೂ ಕೆಳಗಿನ ಬ್ಲಾಕ್ ಮುಟ್ಟಬೇಕಾಗಿಲ್ಲ. ಓವರ್‌ಹಾಲ್ ಎಂದು ಹೇಳಿದ ಅಂದಾಜಿಗೂ ಇದಕ್ಕೂ ಎಷ್ಟು ಅಂತರ ನೋಡಿ.

ಇನ್ನು ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದು. ಇದು ಬಹುಶಃ ಬೇರೆಯೇ ದೂರು, ಹೊಗೆಯ ಜೊತೆ ಸೇರಿಸಿ ನೋಡಬೇಡಿ. ನಿಮ್ಮ ಕಾರಿನಲ್ಲಿ ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಇಂಧನ ವ್ಯವಸ್ಥೆ ಇದೆ. ಎಂಜಿನ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಯಬೇಕು. ಅದನ್ನು ಉಳಿಸುವುದು ಹಿಂಭಾಗದಲ್ಲಿರುವ ಅಕ್ಯುಮುಲೇಟರ್ ಮತ್ತು ಪಂಪಿನ ಚೆಕ್ ವಾಲ್ವ್. ಇವು ಸೋತರೆ ಒತ್ತಡ ಇಳಿಯುತ್ತದೆ, ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಒತ್ತಡದ ಗೇಜ್ ಹಾಕಿ ನೋಡಿದರೆ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುವ ವಿಷಯ. ಇದನ್ನು ಎಂಜಿನ್ ಹೋಗಿದೆ ಎಂದು ಲೆಕ್ಕ ಹಾಕಿದರೆ ನಿಮಗೆ ಅನ್ಯಾಯ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪಿಗೂ, ಸಿಲಿಂಡರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ಡಿಸ್ಟ್ರಿಬ್ಯೂಟರ್ ಒಳಗಿನ ನಾಜೂಕು ಭಾಗಕ್ಕೂ ಇದು ಒಳ್ಳೆಯದಲ್ಲ. ಮಾರುವ ತನಕ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಒಂದು ಎಚ್ಚರಿಕೆ. ಆರಂಭದ ವರ್ಷಗಳ ಎಂ102ಗಳಲ್ಲಿ ಟೈಮಿಂಗ್ ಚೈನ್ (ವಾಲ್ವ್ ಸರಿಯಾದ ಹೊತ್ತಿಗೆ ತೆರೆಯುವಂತೆ ನಡೆಸುವ ಸರಪಳಿ) ಒಂದೇ ಸಾಲಿನದು, ಆಮೇಲೆ ಕಂಪನಿಯೇ ಅದನ್ನು ಎರಡು ಸಾಲಿಗೆ ಬದಲಾಯಿಸಿತು. ಒಂದು ಸಾಲಿನ ಚೈನ್ ಹಿಗ್ಗಿ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಹೊಡೆದು ಹೆಡ್ ಹಾಳಾಗುತ್ತದೆ. ಸ್ಟಾರ್ಟ್ ಮಾಡಿದಾಗ ಎಂಜಿನ್ ಮುಂಭಾಗದಲ್ಲಿ ಕಟಕಟ ಸದ್ದು ಬರುತ್ತಿದ್ದರೆ, ಚೈನ್ ನೋಡಿಸುವ ತನಕ ಟೆಸ್ಟ್ ಡ್ರೈವ್ ಯಾರಿಗೂ ಕೊಡಬೇಡಿ, ಬೆಟ್ಟಕ್ಕೂ ಹತ್ತಿಸಬೇಡಿ. ನಾಲ್ಕು ಕಾಸಿನ ಪರೀಕ್ಷೆಗೆ ಹೋಗಿ ಎಂಜಿನ್ ಕಳೆದುಕೊಳ್ಳುವುದು ಬೇಡ.

ಎಲ್ಲವನ್ನೂ ಗ್ಯಾರೇಜಿನ ಲೆಟರ್‌ಹೆಡ್‌ನಲ್ಲಿ, ತಾರೀಕು ಹಾಕಿ, ಓಡೋಮೀಟರ್ ಅಂಕಿ ಸಮೇತ ಬರೆಸಿಕೊಳ್ಳಿ. ಆ ಒಂದು ಹಾಳೆಯೇ ನಿಮ್ಮ ಬೆಲೆ. ಬ್ರೋಕರ್ ಎರಡು ಲಕ್ಷ ಹೇಗೆ ಹೇಳಿದರು ಯೋಚಿಸಿ. ಎಂಜಿನ್ ಪೂರ್ತಿ ಹೋಗಿದೆ ಎಂದು ಲೆಕ್ಕ ಹಾಕಿ ಓವರ್‌ಹಾಲ್ ಖರ್ಚು ಕಳೆದಿರುತ್ತಾರೆ. ಏನಿದೆಯೋ ಗೊತ್ತಿಲ್ಲ ಎಂದು ಇನ್ನಷ್ಟು ಕಳೆದಿರುತ್ತಾರೆ. ಮೇಲೆ ತಮ್ಮ ಲಾಭ. ‘ಮೂರನೇ ಸಿಲಿಂಡರಿನಲ್ಲಿ ಕಂಪ್ರೆಷನ್ ಇಷ್ಟು, ಗೈಡ್ ಕೆಲಸ ಆಗಬೇಕು’ ಎಂದು ಬರೆದು ತೋರಿಸಿದರೆ, ಗೊತ್ತಿಲ್ಲ ಎಂದು ಕಳೆದ ಭಾಗ ನಿಮಗೆ ವಾಪಸ್ ಬರುತ್ತದೆ. ಪರೀಕ್ಷೆಯಲ್ಲಿ ರಿಂಗ್ ನಿಜವಾಗಿಯೂ ಹೋಗಿದೆ ಎಂದು ಬಂದರೂ ಮುಚ್ಚಿಡಬೇಡಿ. ದಪ್ಪ ಆಯಿಲ್ ಹಾಕಿ ಹೊಗೆ ಅಡಗಿಸಿ ಮಾರುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಹಳೆಯ ಬೆಂಜ್ ಇಟ್ಟುಕೊಂಡವರು ಒಬ್ಬರಿಗೊಬ್ಬರು ಪರಿಚಯ ಇರುತ್ತಾರೆ, ಮಾತು ಹರಡುತ್ತದೆ.

ಮಾಡಿಫಿಕೇಶನ್ ವಿಷಯ ಸ್ವಲ್ಪ ಸೂಕ್ಷ್ಮ. ಅವೆಲ್ಲ ನಿಮ್ಮ ತಂದೆಯವರು ಆಸೆಪಟ್ಟು ಮಾಡಿಸಿದ್ದು. ಆದರೆ ಗಿರಾಕಿಗೆ ಬೇಕಾದ್ದು 1982ರ ಕಾರು. ಅಟ್ಟ, ಗ್ಯಾರೇಜು, ಹಳೆಯ ಟಿಂಕರ್ ಅಂಗಡಿ, ಎಲ್ಲ ಕಡೆ ಹುಡುಕಿ. ಹಳೆಯ ದೊಡ್ಡ ಸ್ಟೀರಿಂಗ್, 14 ಇಂಚಿನ ಚಕ್ರಗಳು, ಬಾಡಿ ಬಣ್ಣದ ವೀಲ್ ಕ್ಯಾಪ್, ಕ್ರೋಮ್ ಬಂಪರ್, ಬೆಕರ್ ರೇಡಿಯೋ, ಕೈಪಿಡಿ, ಜಾಕ್. ಸಿಕ್ಕಿದ್ದನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಇಟ್ಟು ಕಾರಿನ ಜೊತೆಗೇ ಮಾರಿ. ಚಕ್ರ ಮತ್ತು ಸ್ಟೀರಿಂಗ್ ಸಿಕ್ಕರೆ ಫೋಟೋ ತೆಗೆಯುವ ಮೊದಲೇ ಹಾಕಿಸಿ, ಕಾರಿನ ಮುಖವೇ ಬದಲಾಗುತ್ತದೆ.

ಬಾಡಿ ಕಿಟ್‌ನಲ್ಲಿ ಎಎಂಜಿ ಎಂದು ಬರೆದಿದ್ದರೆ ತಕ್ಷಣ ಹಿಗ್ಗಬೇಡಿ, ತಕ್ಷಣ ಕಿತ್ತು ಬಿಸಾಡಲೂ ಬೇಡಿ. ಎಎಂಜಿ 1967ರಲ್ಲಿ ಶುರುವಾದ, ಬೆಂಜ್ ಕಾರುಗಳನ್ನು ಮಾರ್ಪಡಿಸುತ್ತಿದ್ದ ಕಂಪನಿ, 1980ರ ದಶಕದಲ್ಲಿ ಅದು ಇನ್ನೂ ಬೆಂಜ್‌ಗೆ ಸೇರಿರಲಿಲ್ಲ. ಆ ಕಾಲದ ಅಸಲಿ ಎಎಂಜಿ ಸಾಮಾನಿಗೆ ಪ್ರತ್ಯೇಕ ಬೆಲೆಯೇ ಇದೆ. ಫೈಬರಿನ ಒಳಬದಿಯಲ್ಲಿ, ಚಕ್ರದ ಹಿಂಬದಿಯಲ್ಲಿ ಗುರುತು, ಪಾರ್ಟ್ ನಂಬರ್ ಇದೆಯಾ ನೋಡಿ. ನಮ್ಮಲ್ಲೇ ಮಾಡಿಸಿದ ನಕಲಾದರೆ ಅದು ಬೆಲೆ ಏರಿಸುವುದಿಲ್ಲ. ಬದಲಿಗೆ, ಅದರ ಹಿಂದೆ ಏನು ಮುಚ್ಚಿದೆಯೋ ಎಂಬ ಅನುಮಾನ ತರುತ್ತದೆ. ಡಬ್ಲ್ಯೂ 123ರ ದೊಡ್ಡ ಶತ್ರು ತುಕ್ಕು. ಜಾಕ್ ಕೊಡುವ ಜಾಗ, ಮುಂದಿನ ಮಡ್‌ಗಾರ್ಡ್ ಅಂಚು, ಬ್ಯಾಟರಿ ಕೆಳಗೆ, ಸ್ಟೆಪ್ನಿ ಗುಂಡಿ, ಹಿಂದಿನ ಗಾಜಿನ ಕೆಳಅಂಚು. ಸೈಡ್ ಕಿಟ್ ಬಿಚ್ಚಿಸಿ ಒಳಗಿನ ತಗಡು ನೋಡಿ, ಫೋಟೋ ತೆಗೆದಿಡಿ. ತಗಡು ಗಟ್ಟಿ ಇದ್ದರೆ ಅದೇ ದೊಡ್ಡ ಸುದ್ದಿ. ಎಂಜಿನ್ ಸಾಮಾನು ಇವತ್ತೂ ಸಿಗುತ್ತದೆ. ಹಳೆಯ ಮಾದರಿಗಳಿಗಾಗಿ ಬೆಂಜ್ ಕಂಪನಿಯೇ ಜರ್ಮನಿಯ ಫೆಲ್‌ಬಾಕ್‌ನಲ್ಲಿ 1993ರಿಂದ ಕ್ಲಾಸಿಕ್ ಕೇಂದ್ರ ನಡೆಸುತ್ತಿದೆ. ಆದರೆ ತಿಂದುಹೋದ ತಗಡಿನ ಕೆಲಸಕ್ಕೆ ಒಳ್ಳೆಯ ಟಿಂಕರ್ ಸಿಗುವುದು ಕಷ್ಟ, ಖರ್ಚಿಗೂ ಕೊನೆ ಇಲ್ಲ.

ಬಣ್ಣ ಬದಲಾಯಿಸಿದ್ದು ಆರ್‌ಸಿಯಲ್ಲಿ ದಾಖಲಾಗಿದೆಯಾ ನೋಡಿ. ಇಲ್ಲದಿದ್ದರೆ ಹೆಸರು ಬದಲಾವಣೆ ವೇಳೆ ತಕರಾರು ಬರಬಹುದು, ಈಗಲೇ ಸರಿ ಮಾಡಿಸಿ. ಮತ್ತೆ ಬಿಳಿ ಬಣ್ಣ ಹೊಡೆಸಲು ಹೋಗಬೇಡಿ. ರೇಡಿಯೇಟರ್ ಹತ್ತಿರದ ಪಟ್ಟಿಯ ಮೇಲಿರುವ ಫಲಕದಲ್ಲಿ ಮೂಲ ಬಣ್ಣದ ಕೋಡ್ ಇರುತ್ತದೆ, ಅದರ ಫೋಟೋ ಕೊಟ್ಟರೆ ಸಾಕು.

ವಿಂಟೇಜ್ ಬಗ್ಗೆ ಕೇಳಿದ್ದೀರಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ದೊಡ್ಡ ಬದಲಾವಣೆ ಆಗದ ಗಾಡಿ ಮಾತ್ರ ವಿಂಟೇಜ್. ಅದಕ್ಕೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. 1982ರ ಕಾರು ಅಲ್ಲಿಗೆ ತಲುಪುವುದು 2032ರ ಹೊತ್ತಿಗೆ. ಹಾಗಾಗಿ ಜಾಹೀರಾತಿನಲ್ಲಿ ವಿಂಟೇಜ್ ಎಂದು ಬರೆಯಬೇಡಿ, ಕ್ಲಾಸಿಕ್ ಎಂದು ಬರೆಯಿರಿ. ಮೂಲ ಎಂಜಿನ್, ಮೂಲ ಭಾಗಗಳು ಉಳಿದಿದ್ದರೆ ಕೊಳ್ಳುವವರು ಆ ವರ್ಷದ ಮೇಲೆ ಕಣ್ಣಿಟ್ಟೇ ಕೊಳ್ಳುತ್ತಾರೆ.

ಜಾಹೀರಾತು ಹೀಗಿರಲಿ: ‘1982 ಮರ್ಸಿಡಿಸ್ 230ಇ ಪೆಟ್ರೋಲ್, ಮೂಲ ಎಂಜಿನ್, ನಂಬರ್ ಹೊಂದುತ್ತದೆ. ಎಸ್‌ಟಿಸಿ ಹರಾಜಿನ ಕಾಗದ ಇದೆ. ಆರ್‌ಸಿ ಇಂಥ ತಿಂಗಳ ತನಕ. ಎಂಜಿನ್ ಕೆಲಸ ಬಾಕಿ ಇದೆ, ಪರೀಕ್ಷೆಯ ವರದಿ ಕೊಡುತ್ತೇವೆ. ಬಾಡಿ ಕಿಟ್, ಚಕ್ರ ಹೊರಗಿನವು. ಮೂಲ ಸ್ಟೀರಿಂಗ್, ವೀಲ್ ಕ್ಯಾಪ್ ಜೊತೆಗೆ ಕೊಡಲಾಗುವುದು.’ ಬೆಳಗಿನ ಮೊದಲ ಸ್ಟಾರ್ಟ್‌ನ ವಿಡಿಯೋ, ಹೊಗೆ ಕಾಣುವ ಹಾಗೇ ಹಾಕಿ. ಬೆಂಗಳೂರಿನ ಕ್ಲಾಸಿಕ್ ಕಾರ್ ಕ್ಲಬ್‌ಗಳಿಗೆ ಮೊದಲು ತಿಳಿಸಿ, ಕೇರಳ ಮತ್ತು ಕೊಯಮತ್ತೂರಿನ ಕಡೆಗೂ ಸುದ್ದಿ ಹೋಗಲಿ. ಹೊರರಾಜ್ಯದವರು ಕೊಂಡರೆ ಫಾರ್ಮ್ 28ರ ಎನ್‌ಒಸಿ ಬೇಕು. ದೂರದ ಊರಿಗೆ ಓಡಿಸಿಕೊಂಡು ಹೋಗುತ್ತೇವೆ ಎಂದರೆ ಬೇಡ ಎನ್ನಿ, ಲಾರಿಯ ಮೇಲೆ ಹೋಗಲಿ.

ಕೊನೆಗೆ ಕೈ ಬದಲಾಗುವ ದಿನ. ಬ್ರೋಕರ್ ಕೈಗೆ ಸಹಿ ಮಾಡಿದ ಖಾಲಿ ಫಾರ್ಮ್ ಯಾವ ಕಾರಣಕ್ಕೂ ಕೊಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕಾರು ಮಾರಿ ಎಷ್ಟು ಕಾಲವಾಗಿದ್ದರೂ ಅಷ್ಟೇ. ಡೀಲರ್‌ಗೆ ಕೊಡುವುದಾದರೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಅವರಿಗೆ ಆರ್‌ಟಿಒ ಅಧಿಕಾರಪತ್ರ ಇದೆಯಾ ಎಂದು ಕೇಳಿ ನೋಡಿ. ನೇರ ಗಿರಾಕಿಯಾದರೆ ಹೆಸರು ವರ್ಗಾವಣೆಯ ಫಾರ್ಮ್ 29 ಮತ್ತು 30 ಇಬ್ಬರೂ ಕೂತು ತುಂಬಿಸಿ. ಹಣ ಬ್ಯಾಂಕ್ ಮೂಲಕ ಪೂರ್ತಿ ಬಂದ ಮೇಲೆ ಕೀಲಿ ಕೊಡಿ. ತಾರೀಕು, ಗಂಟೆ ಹಾಕಿ ಡೆಲಿವರಿ ಪತ್ರ ಬರೆಸಿಕೊಳ್ಳಿ, ‘ಎಂಜಿನ್ ವರದಿ ಓದಿ ಒಪ್ಪಿ ಕೊಂಡಿದ್ದೇನೆ’ ಎಂಬ ಸಾಲಿನ ಕೆಳಗೆ ಅವರ ಸಹಿ ಇರಲಿ. ಫಾರ್ಮ್ 29 ಅನ್ನು 14 ದಿನದೊಳಗೆ ನೀವೇ ಆರ್‌ಟಿಒಗೆ ತಲುಪಿಸಿ, ರಸೀದಿ ಇಟ್ಟುಕೊಳ್ಳಿ. ತಿಂಗಳ ನಂತರ ‘ವಾಹನ್’ ಜಾಲದಲ್ಲಿ ಹೊಸ ಹೆಸರು ಬಂದಿದೆಯಾ ನೋಡಿ, ಬಂದಿಲ್ಲದಿದ್ದರೆ ಗಿರಾಕಿಗೆ ಫೋನ್ ಮಾಡಿ ವಿಚಾರಿಸಿ.